ಅಪ್ಪನ ಕಾರಿನ ಎಂಜಿನ್ ಕೆಟ್ಟಿದೆ: ರಿಪೇರಿ ಮಾಡಿಸುವುದೋ, ಬೇರೆ ಕೂರಿಸುವುದೋ?

ನಮ್ಮ ಮನೆಯ ಅಂಬಾಸಿಡರ್ 1985ರ ಮಾರ್ಕ್ 4. ಅಕ್ಕನ ಮದುವೆಯ ದಿಬ್ಬಣ ಹೊರಟದ್ದು ಅದರಲ್ಲಿ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳಗಿನ ಜಾವ ನಾವು ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗುತ್ತಿದ್ದದ್ದು ಅದರ ಹಿಂದಿನ ಸೀಟಿನಲ್ಲಿ. ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾಸರಗೋಡು ಜಿಲ್ಲೆಯ ಚೆರ್ಕಳದಿಂದ ಪೆರ್ಲಕ್ಕೆ ಬರುವಾಗ ರೇಡಿಯೇಟರ್ ಹೋಸ್ ಒಡೆಯಿತು. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿದ್ದು ಕಂಡಿತು. ಮನೆ ಇನ್ನು ಹತ್ತಿರವೇ ಎಂದು ನಾನು ಓಡಿಸಿಕೊಂಡು ಬಂದೆ. ಅಂಗಳ ತಲುಪುವ ಹೊತ್ತಿಗೆ ಎಂಜಿನ್ ಒಳಗಿನಿಂದ ಬಡಿಯುತ್ತಿತ್ತು, ಆಮೇಲೆ ನಿಂತೇಹೋಯಿತು. ಆ ಕೆಲವೇ ಕಿಲೋಮೀಟರು ಓಡಿಸಬಾರದಿತ್ತು.

ಒಂದೇ ವಾರದಲ್ಲಿ ಮೂರು ಸಲಹೆ ಬಂದವು. ಬೇರೆ ಎಂಜಿನ್ ಕೂರಿಸಿ ಎಂದರು ಒಬ್ಬರು. ಗುಜರಿಗೆ ಕೊಟ್ಟುಬಿಡಿ ಎಂದರು ಇನ್ನೊಬ್ಬರು. ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದರೆ ಸಾಕು, ಎರಡು ದಿನದ ಕೆಲಸ ಎಂದರು ಮತ್ತೊಬ್ಬರು. ಮೂವರಲ್ಲಿ ಯಾರೂ ಎಂಜಿನ್ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿ ಅಳತೆ ತೆಗೆಯುವ ಮೊದಲು ಹೇಳುವ ಯಾವ ತೀರ್ಮಾನವೂ ಊಹೆಯೇ. ಅಳತೆಯವರೆಗೆ ಹೇಗೆ ಹೋಗುವುದು, ಅಳತೆ ಕೈಗೆ ಬಂದ ಮೇಲೆ ಏನು ಮಾಡುವುದು ಎಂಬುದನ್ನು ನಾನು ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಅಂಬಾಸಿಡರನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಜೀಪಿಗೂ ಪದ್ಮಿನಿ ಕಾರಿಗೂ ದಾರಿ ಇದೇ.

ಮೊದಲು, ಕೀಲಿ ತಿರುಗಿಸಬೇಡಿ

ನಿಂತ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡುವುದರಿಂದ ಆಗುವ ಹಾನಿ ಎಷ್ಟೋ ಸಲ ಮೂಲ ಹಾನಿಗಿಂತ ದೊಡ್ಡದು. ಎಂಜಿನ್ ಕಾದು ನಿಂತಿದ್ದರೆ ತಣ್ಣೀರು ಹೊಯ್ಯಬೇಡಿ, ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ತಾಗಿದರೆ ಬಿರುಕು ಬಿಡುತ್ತದೆ. ತಾನಾಗಿ ತಣಿಯಲಿ.

ಮಳೆಗಾಲದಲ್ಲಿ ತೋಡಿನ ನೀರು ಏರಿ ವಾಹನ ಮುಳುಗಿದ್ದರೆ ಇನ್ನೂ ಎಚ್ಚರ ಬೇಕು. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾರದು. ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಬ್ಯಾಟರಿ ತಂತಿ ಕಳಚಿ, ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ತೆಗೆದು, ಆಮೇಲೆ ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಬೇಕು. ಡೀಸೆಲ್ ಜೀಪಿನಲ್ಲಿ ಪ್ಲಗ್‌ನ ಜಾಗದಲ್ಲಿ ಇಂಜೆಕ್ಟರ್ ಬಿಚ್ಚಬೇಕು.

ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತು ಹಿಡಿದುಹೋದ ಎಂಜಿನ್‌ನ ಕತೆ ಬೇರೆ. ನಮ್ಮ ಕರಾವಳಿಯ ತೇವಕ್ಕೆ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಪ್ಲಗ್ ರಂಧ್ರದಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ ನಾಲ್ಕೈದು ದಿನ ಬಿಡಿ, ನಡುನಡುವೆ ಇನ್ನಷ್ಟು ಹಾಕಿ. ಅಂಬಾಸಿಡರಿಗೆ ಮುಂಭಾಗದಿಂದ ಹಾಕುವ ಸ್ಟಾರ್ಟಿಂಗ್ ಹ್ಯಾಂಡಲ್ ಇದ್ದದ್ದು ಇಂಥ ಹೊತ್ತಿನಲ್ಲಿ ದೊಡ್ಡ ಉಪಕಾರ. ಮತ್ತೆ ಮತ್ತೆ ಮೆಲ್ಲನೆ ಒತ್ತಿ ನೋಡಿದರೆ ಎಷ್ಟೋ ಎಂಜಿನ್ ಬಿಡುತ್ತವೆ. ಬಿಡದಿದ್ದರೆ ಉದ್ದದ ಪೈಪು ಸಿಕ್ಕಿಸಿ ಬಲ ಹಾಕಬೇಡಿ, ಬಿಚ್ಚಿಯೇ ನೋಡಿ.

ಬಿಚ್ಚುವ ಮೊದಲಿನ ಪರೀಕ್ಷೆ

ಇವಕ್ಕೆ ಒಂದು ಗಂಟೆ ಸಾಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಲು ಹೊಯ್ದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಿರಿ; ಚಿನ್ನದ ಪುಡಿಯಂಥ ಮಿನುಗು ಕಂಡರೆ ಬೇರಿಂಗ್ ಸವೆದು ಲೋಹ ಆಯಿಲಿಗೆ ಇಳಿದಿದೆ. ಎಂಜಿನ್ ಇನ್ನೂ ಓಡುತ್ತಿದ್ದರೆ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ; ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಹೆಚ್ಚಾಗಿ ನೀರು.

ಇದ್ದುದರಲ್ಲಿ ಹೆಚ್ಚು ಹೇಳುವುದು ಕಂಪ್ರೆಶನ್ ಪರೀಕ್ಷೆ. ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಿಡಿದು ತಿರುಗಿಸಬೇಕು. ಒಂದೊಂದರ ಸಂಖ್ಯೆಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. ಶೇಕಡಾ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಸೋರುತ್ತಿದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಸಂಖ್ಯೆ ಏರಿದರೆ ದೋಷ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆಯಾದ ಬೋರ್‌ನಲ್ಲಿ; ಏರದಿದ್ದರೆ ವಾಲ್ವ್ ಅಥವಾ ಎಂಜಿನ್ ಮೇಲಿನ ಮುಚ್ಚಳದ (ಹೆಡ್) ಅಡಿಯ ತೆಳು ಹಾಳೆಯಾದ ಗ್ಯಾಸ್ಕೆಟ್‌ನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ನಮ್ಮ ಕಾರು ತಣಿದ ಮೇಲೆ ಹ್ಯಾಂಡಲಿಗೆ ತಿರುಗಿತು, ಆಮೇಲೆಯೇ ಗೇಜ್ ಹಿಡಿದದ್ದು. ಎರಡು ಮತ್ತು ಮೂರು ಕುಸಿದಿದ್ದವು, ಮೂರನೆಯದು ಆಯಿಲ್ ಹಾಕಿದಾಗ ಸ್ವಲ್ಪ ಏರಿತು. ಎಂದರೆ ಗ್ಯಾಸ್ಕೆಟ್ ಸುಟ್ಟಿತ್ತು, ಮೂರರಲ್ಲಿ ಪಿಸ್ಟನ್ನೂ ಗೀರಿಕೊಂಡಿತ್ತು.

ಬಿಚ್ಚಿ ಅಳೆಯುವುದು

ಇಲ್ಲಿ ಆತುರ ಬೇಡ. ಬಿಚ್ಚುವ ಮೊದಲು ಗ್ಯಾರೇಜಿನವರ ಬಳಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ: ಬಿಚ್ಚಿ ಅಳೆಯುವುದಕ್ಕೆ ಇಷ್ಟು ಕೂಲಿ, ಮುಂದಿನ ಕೆಲಸ ಆಮೇಲೆ ತೀರ್ಮಾನ. ಒಪ್ಪದವರ ಬಳಿ ಕಾರು ಬಿಡಬೇಡಿ. ನಮ್ಮ ಕಡೆಯ ಗ್ಯಾರೇಜಿನಲ್ಲಿ ತುಳು, ಮಲಯಾಳಂ, ಬ್ಯಾರಿ, ಕನ್ನಡ ಎಲ್ಲವೂ ನಡೆಯುತ್ತವೆ. ಯಾವ ಭಾಷೆಯಲ್ಲೇ ಮಾತಾಗಲಿ, ಅಳತೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಮೊದಲು ಹೆಡ್. ಅದರ ಕೆಳಮೈಗೆ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ. 0.1 ಮಿಲಿಮೀಟರಿನ ಎಲೆ ಸರಾಗವಾಗಿ ನುಗ್ಗಿದರೆ ಹೆಡ್ ಬಾಗಿದೆ, ಮೈ ಉಜ್ಜಿಸಿ ಸಮ ಮಾಡಿಸಬೇಕು. ಇದು ಮೆಷಿನ್ ಶಾಪಿನವರಿಗೆ ನಿತ್ಯದ ಕೆಲಸ. ವಾಲ್ವ್ ಕೂರುವ ಜಾಗಗಳ ನಡುವೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬಣ್ಣದ ದ್ರವ ಹಾಕಿ ನೋಡಿಸಿ. ಬರಿಗಣ್ಣಿಗೆ ಅದು ಕಾಣದು.

ಆಮೇಲೆ ಬೋರ್. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್‌ನ ಮೂಲ ಬೋರ್ ಅಗಲ 73.025 ಮಿಲಿಮೀಟರ್. ಇದಕ್ಕೆ ಸಿಲಿಂಡರಿನೊಳಗೆ ಕೂರಿಸುವ ಪ್ರತ್ಯೇಕ ಕೊಳವೆ (ಲೈನರ್) ಇಲ್ಲ. ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್‌ನ ಎರಕದ ಕಬ್ಬಿಣವನ್ನೇ ಕೊರೆದು ಸಿಲಿಂಡರ್ ಮಾಡಿದ್ದಾರೆ. ಸವೆದರೆ ಬೋರ್ ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಗ್ಯಾರೇಜಿನಲ್ಲಿ ಹೇಳುವ ಲೆಕ್ಕ ಇಂಚಿನ ಸಾವಿರದ ಒಂದಂಶದ್ದು. ಹತ್ತು ಎಂದರೆ ಸುಮಾರು ಕಾಲು ಮಿಲಿಮೀಟರ್. ಈಗಿರುವ ಪಿಸ್ಟನ್ ತಲೆಯ ಮಸಿ ಒರೆಸಿ ನೋಡಿ. ಹಿಂದೆ ಬೋರ್ ಆಗಿದ್ದರೆ ಅಲ್ಲಿ ಸಾಮಾನ್ಯವಾಗಿ ಅಂಕೆ ಒತ್ತಿರುತ್ತದೆ. ನಮ್ಮದರಲ್ಲಿ 020 ಎಂದಿತ್ತು. ಅಪ್ಪ ಯಾವಾಗಲೋ ಒಮ್ಮೆ ಮಾಡಿಸಿದ್ದರು, ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಂದರೆ ನಮಗೆ ಇನ್ನೆರಡು ಮೆಟ್ಟಿಲು ಉಳಿದಿತ್ತು.

ಬೋರನ್ನು ಡಯಲ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಮತ್ತು ಪ್ರತಿ ಎತ್ತರದಲ್ಲಿಯೂ ಅಡ್ಡಕ್ಕೂ ಉದ್ದಕ್ಕೂ ಅಳೆಸಿ. ಸವೆತ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ರಿಂಗ್ ಉಜ್ಜುವ ಮೇಲ್ಭಾಗದಲ್ಲಿ ಹೆಚ್ಚು. ಅಲ್ಲಿ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಅಂಚು ಎದ್ದಿದ್ದರೆ, "ರಿಂಗ್ ಮಾತ್ರ ಹಾಕಿದರೆ ಸಾಕು" ಎಂಬ ಮಾತಿಗೆ ದಯವಿಟ್ಟು ಒಪ್ಪಬೇಡಿ. ಹೊಸ ರಿಂಗ್ ಆ ಅಂಚಿಗೆ ಬಡಿದು ಮುರಿಯುತ್ತದೆ, ಮುರಿದ ಚೂರು ಬೋರನ್ನು ಇನ್ನಷ್ಟು ಗೀರುತ್ತದೆ. ಕಡಿಮೆ ಖರ್ಚಿನ ಆ ಎರಡು ದಿನದ ಕೆಲಸದಿಂದ ಉಳಿಯಬಹುದಾಗಿದ್ದ ಬ್ಲಾಕ್ ಕೈಬಿಟ್ಟುಹೋಗುತ್ತದೆ. ನಲವತ್ತನ್ನೂ ದಾಟಿದ ಬೋರ್ ಆದರೆ ಸ್ಲೀವ್, ಎಂದರೆ ಒಳಗೊಂದು ಹೊಸ ಕೊಳವೆ, ಹಾಕಿಸಿ ಮೂಲ ಅಳತೆಗೆ ಮರಳಿಸಬಹುದು. ಒಳ್ಳೆಯ ಮೆಷಿನ್ ಶಾಪಿನಲ್ಲಿ ಮಾಡಿಸಿದರೆ ಅದು ಬಾಳಿಕೆಯ ಕೆಲಸವೇ.

ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿಗೂ ಇದೇ ಲೆಕ್ಕ, ಆದರೆ ತಿರುಗುಮುರುಗು: ಅದನ್ನು ಉಜ್ಜಿ ಸಣ್ಣದು ಮಾಡಿ, ದಪ್ಪದ ಬೇರಿಂಗ್ ಹಾಕುತ್ತಾರೆ. ಹಳಬ ಮೇಸ್ತ್ರಿಗಳು ಕ್ರ್ಯಾಂಕನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾರೆ. ಗಂಟೆಯಂಥ ನಾದ ಬಂದರೆ ಸರಿ, ಒಡಕು ಸದ್ದು ಬಂದರೆ ಬಿರುಕು. ತಟ್ಟಿ ನೋಡಿದ ಮೇಲೂ ಕಾಂತದ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಕೊನೆಗೆ ಬ್ಲಾಕ್. ಹೊರಗಿನ ನೀರಿನ ಗೋಡೆಯ ಬಿರುಕಿಗೆ ಮದ್ದಿದೆ. ಎರಕದ ಕಬ್ಬಿಣವನ್ನು ನಿಕ್ಕಲ್ ಕಡ್ಡಿಯಿಂದ ಬೆಸೆಯುವವರಿದ್ದಾರೆ, ಬಿಸಿ ಮಾಡದೆ ಲೋಹದ ತುಂಡುಗಳಿಂದ ಹೊಲಿಯುವ ವಿಧಾನವೂ ಇದೆ. ಮುಖ್ಯ ಬೇರಿಂಗ್ ಕೂರುವ ಅಡ್ಡಗೋಡೆ ಬಿರಿದಿದ್ದರೆ, ಅಥವಾ ರಾಡ್ ತುಂಡಾಗಿ ಬ್ಲಾಕಿಗೆ ತೂತು ಹೊಡೆದಿದ್ದರೆ, ಅದನ್ನು ದಿನಬಳಕೆಗೆ ನಂಬಬೇಡಿ. ಬದಲಿ ಎಂಜಿನ್ ಮಾತು ನಿಜವಾಗಿ ಶುರುವಾಗಬೇಕಾದದ್ದು ಅಲ್ಲಿಂದ.

ಕಾಸರಗೋಡಿನಲ್ಲಿ ಇಷ್ಟೆಲ್ಲ ಒಂದೇ ಕಡೆ ಆಗದಿದ್ದರೆ ಬ್ಲಾಕ್ ಮಂಗಳೂರಿಗೆ ಹೋಗುತ್ತದೆ. ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿ ಪಿಕಪ್‌ನಲ್ಲಿ ಒಯ್ಯುವಾಗ ವಾಹನದ ನೋಂದಣಿ ಪತ್ರವಾದ ಆರ್‌ಸಿಯ ಪ್ರತಿಯೂ ಗ್ಯಾರೇಜಿನ ಒಂದು ಚೀಟಿಯೂ ಜೊತೆಗಿರಲಿ. ನಂಬರ್ ಇರುವ ಎಂಜಿನ್ ಯಾರದು ಎಂದು ಪೊಲೀಸರು ಕೇಳಿದರೆ ಉತ್ತರ ಕೈಯಲ್ಲಿರುತ್ತದೆ.

ಬ್ಲಾಕ್ ಏಕೆ ಮುಖ್ಯ

ಎಂಜಿನ್ ನಂಬರ್ ಬ್ಲಾಕಿನ ಮೇಲಿರುತ್ತದೆ, ಆರ್‌ಸಿಯಲ್ಲಿ ದಾಖಲಾಗಿರುವುದೂ ಅದೇ. ಪಿಸ್ಟನ್, ಕ್ರ್ಯಾಂಕ್, ವಾಲ್ವ್, ಹೆಡ್ ಎಲ್ಲವೂ ಬದಲಾದರೂ ಬ್ಲಾಕ್ ಉಳಿದರೆ ಕಾಗದದಲ್ಲಿ ಅದು ಅದೇ ಕಾರು. ನನ್ನ ಮನಸ್ಸಿಗೂ ಅದೇ ಕಾರು. ಬ್ಲಾಕ್ ಉಳಿಯುವಂತಿದ್ದರೆ, ಖರ್ಚು ಸ್ವಲ್ಪ ಹೆಚ್ಚಾದರೂ, ರಿಪೇರಿಯ ಕಡೆಗೇ ನಾನು ವಾಲುತ್ತೇನೆ.

ಐವತ್ತು ವರ್ಷ ದಾಟಿದ, ಅಥವಾ ದಾಟಲಿರುವ ವಾಹನಕ್ಕೆ ಇದು ಇನ್ನೂ ಮುಖ್ಯ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯ ಓಡಿಸುವಂತಿಲ್ಲ ಎಂಬುದೂ ತಿಳಿದಿರಲಿ.

ಇನ್ನೊಂದು ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಕೇಳಿಕೊಳ್ಳಬೇಕು: ನಮಗೆ ಪ್ರೀತಿ ಯಾವುದರ ಮೇಲೆ? ನಮ್ಮ ಅಮ್ಮನಿಗೆ ಬೇಕಿದ್ದದ್ದು ಅಪ್ಪ ಓಡಿಸುತ್ತಿದ್ದ ಆ ಸ್ಟೀರಿಂಗ್, ಆ ಸೀಟು, ಅಂಗಳಕ್ಕೆ ಕಾರು ತಿರುಗುವ ದೃಶ್ಯ. ನನಗೆ ಬೇಕಿದ್ದದ್ದು ಅದರ ಸದ್ದು. ಅಮ್ಮನ ಆಸೆಗೆ ಬೇರೆ ಎಂಜಿನ್ನೂ ಆಗುತ್ತಿತ್ತು, ನನ್ನದಕ್ಕೆ ಆಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಮಾತಾಡಿದ ಮೇಲೆಯೇ ಎಷ್ಟು ಖರ್ಚು ಮಾಡಬಹುದು ಎಂಬ ಮಾತು ಮನೆಯಲ್ಲಿ ಸಲೀಸಾಯಿತು.

ಬದಲಿಸುವುದೇ ಆದರೆ

ಅದೇ ಮಾದರಿಯ ಎಂಜಿನ್ ಹುಡುಕಿ. ಅಂಬಾಸಿಡರಿನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ 2014ರ ಮೇ ತಿಂಗಳಲ್ಲಿ ನಿಂತಿತು. ಈಗ ಸಿಗುವುದೆಲ್ಲ ಹಳೆಯದೇ. ಕೊಯಮತ್ತೂರಿನ ಉಕ್ಕಡಂ, ಕೋಲ್ಕತ್ತದ ಮಲ್ಲಿಕ್ ಬಜಾರ್ ಹಳೆಯ ವಾಹನಗಳ ಬಿಡಿಭಾಗಕ್ಕೆ ಹೆಸರಾದ ಜಾಗಗಳು. ಕೊಯಮತ್ತೂರಿಗೆ ಕಾಸರಗೋಡಿನಿಂದ ನೇರ ರೈಲಿದೆ, ಹೋಗಿ ಕಣ್ಣಾರೆ ನೋಡಿ ಬರಬಹುದು. ಆದರೆ ಬರೀ ಎಂಜಿನ್ ಕೊಳ್ಳುವುದಕ್ಕಿಂತ, ಬಾಡಿ ತುಕ್ಕು ಹಿಡಿದು ಎಂಜಿನ್ ಓಡುತ್ತಿರುವ ಇಡೀ ಕಾರೊಂದು ಸಿಕ್ಕರೆ ಅದನ್ನೇ ಕೊಳ್ಳುವುದು ಲೇಸು. ಸ್ಟಾರ್ಟ್ ಮಾಡಿ ಕೇಳಬಹುದು, ಕಂಪ್ರೆಶನ್ ನೋಡಬಹುದು, ಉಳಿದ ಭಾಗಗಳು ಮುಂದಕ್ಕೆ ಬರುತ್ತವೆ. ಮಾರುವವರಿಂದ ಬಿಲ್, ಆ ವಾಹನದ ಆರ್‌ಸಿಯ ಪ್ರತಿ ಕೇಳಿ ಪಡೆಯಿರಿ. ನಂಬರ್ ಉಜ್ಜಿದ ಎಂಜಿನ್ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಇಸುಜು 1.8 ಎಂಜಿನ್ ಕೂರಿಸಿ ಎಂಬ ಸಲಹೆ ಅಂಬಾಸಿಡರ್ ಇಟ್ಟುಕೊಂಡವರ ಕಿವಿಗೆ ಬಿದ್ದೇ ಬೀಳುತ್ತದೆ. ತೊಂಬತ್ತರ ದಶಕದಲ್ಲಿ ಕಂಪನಿಯೇ ಅದನ್ನು ಐದು ಗೇರಿನೊಂದಿಗೆ ಅಂಬಾಸಿಡರಿಗೆ ಹಾಕಿ ಮಾರಿತ್ತು. ಎಂಜಿನ್ ಚೆನ್ನಾಗಿದೆ, ಚಡಾವು ಹತ್ತುವುದೂ ಸುಲಭ. ಆದರೆ 1985ರ ಕಾರಿಗೆ ಅದು ಬೇರೆ ಎಂಜಿನ್ನೇ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದು. ಕೇರಳದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಆದ್ದರಿಂದ ಹಣ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅರ್ಜಿ ಹಾಕಿ ಅನುಮತಿ ಕೇಳಿ. ಅದೇ ಮಾದರಿಯ ಎಂಜಿನ್ ಆದರೂ ಹೊಸ ನಂಬರ್ ಆರ್‌ಸಿಯಲ್ಲಿ ಸೇರಲೇಬೇಕು. ಸೇರಿಸದೆ ಓಡಿಸಿದರೆ, ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಅದನ್ನೇ.

ಹಣದ ಲೆಕ್ಕ

ಮೆಷಿನ್ ಶಾಪಿನ ಕೆಲಸ, ಬಿಡಿಭಾಗ, ಕೂಲಿ, ಸಾಗಾಟ ಎಂದು ನಾಲ್ಕು ಸಾಲು ಬರೆದು ಬೇರೆ ಬೇರೆ ಅಂದಾಜು ಪಡೆಯಿರಿ. ಒಟ್ಟು ಮೊತ್ತಕ್ಕೆ ಮೂರನೇ ಒಂದು ಪಾಲು ಸೇರಿಸಿ ಇಟ್ಟುಕೊಳ್ಳಿ. ಹಳೆಯ ವಾಹನದಲ್ಲಿ ಒಂದು ಬೋಲ್ಟ್ ಬಿಚ್ಚಿದರೆ ಇನ್ನೊಂದು ಮುರಿಯುತ್ತದೆ. ಇದರ ಪಕ್ಕದಲ್ಲೇ ಕಾಗದದ ಖರ್ಚು ಬರೆಯಿರಿ. ಖಾಸಗಿ ಕಾರಿಗೆ 15 ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ ಏರಿತು, 20 ವರ್ಷ ದಾಟಿದ ವಾಹನಗಳಿಗೆ 2025ರಲ್ಲಿ ಮತ್ತೆ ಏರಿತು. ಕೇರಳದಲ್ಲಿ ಹಸಿರು ತೆರಿಗೆಯೂ ಇದೆ. ನೆಲದ ತಗಡು, ಚಾಸಿಸ್ ಸೇರುವ ಜಾಗಗಳು ಉಪ್ಪುಗಾಳಿಗೆ ಕೊರೆದುಹೋಗಿದ್ದರೆ ಎಂಜಿನ್ ಮಾಡಿಸಿಯೂ ಫಿಟ್‌ನೆಸ್ ಸಿಗದು. ಅಂಥ ಕಾರಿಗೆ ಮೊದಲು ಬಾಡಿಯ ಅಂದಾಜು ತೆಗೆಯಿರಿ.

ಈಗ ಹಣವಿಲ್ಲದಿದ್ದರೆ ಕಾಯುವುದೂ ಒಂದು ದಾರಿ, ಅದರಲ್ಲಿ ಸಂಕೋಚ ಬೇಡ. ಬಿಚ್ಚಿದ ಭಾಗಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದಲ್ಲಿಡಿ. ಬೋರ್‌ಗೆ ಎಣ್ಣೆ ಬಳಿಯದೆ ಒಂದು ಮಳೆಗಾಲ ಕಳೆದರೆ ಮತ್ತೆ ಹೊಸದಾಗಿ ಬೋರ್ ಮಾಡಿಸಬೇಕಾದೀತು.

ರಿಪೇರಿ ಎಂದು ತೀರ್ಮಾನವಾದರೆ

ಹೆಡ್ ಕೈಯಲ್ಲಿರುವಾಗಲೇ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಲೋಹದ ಸೀಟು ಕೂರಿಸಿ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಸೀಸದ ಪೆಟ್ರೋಲಿಗೆಂದು ಮಾಡಿದ ಹಳೆಯ ಹೆಡ್‌ಗಳ ಮೆದು ಸೀಟು ಅದಕ್ಕೆ ಸವೆಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ, ಹಳೆಯ ರಬ್ಬರಿನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರಿನ ಸೀಲುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ.

ಎಂಜಿನ್ ಕೆಟ್ಟ ಕಾರಣವನ್ನು ಸರಿಪಡಿಸದೆ ಎಂಜಿನ್ ಕೂರಿಸಬೇಡಿ. ರೇಡಿಯೇಟರ್ ಬಿಚ್ಚಿ ಕೊಳವೆ ತೊಳೆಸಿ, ಎಲ್ಲ ಹೋಸ್ ಹೊಸದು ಹಾಕಿ, ನೀರಿನ ಪಂಪ್ ನೋಡಿಸಿ. ಥರ್ಮೋಸ್ಟಾಟ್ ತೆಗೆದುಹಾಕಿದರೆ ಎಂಜಿನ್ ತಂಪಾಗಿರುತ್ತದೆ ಎಂದು ಕೆಲವರು ಅದನ್ನು ಎಸೆಯುತ್ತಾರೆ. ಆಗ ಎಂಜಿನ್ ಬೇಕಾದ ಬಿಸಿಗೆ ಬರುವುದೇ ತಡವಾಗಿ ಬೋರ್ ಬೇಗ ಸವೆಯುತ್ತದೆ, ಆದ್ದರಿಂದ ಅದು ಇರಲೇಬೇಕು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಕುಡಿಯಲು ಎಷ್ಟೇ ಸಿಹಿಯಾಗಿರಲಿ, ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿ.

ನಮ್ಮ ಕಾರಿನ ಮೂರನೇ ಸಿಲಿಂಡರಿನ ಗೀರು ಮೂವತ್ತಕ್ಕೆ ಹೋಗಲಿಲ್ಲ, ನಲವತ್ತಕ್ಕೆ ಬೋರ್ ಮಾಡಿಸಬೇಕಾಯಿತು. ಕ್ರ್ಯಾಂಕ್ ಹತ್ತಕ್ಕೆ ಉಜ್ಜಿದರು. ಕೆಲಸ ಮುಗಿದ ದಿನ ಮೊದಲು ಪ್ಲಗ್ ಇಲ್ಲದೆ ತಿರುಗಿಸಿ, ಆಯಿಲ್ ಪ್ರೆಶರಿನ ಮುಳ್ಳು ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆವು. ಅಮ್ಮ ಚಾವಡಿಯ ಕಂಬ ಹಿಡಿದು ನಿಂತಿದ್ದರು.

ಮೊದಲ 500 ಕಿಲೋಮೀಟರಿಗೆ 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕಿ, ಗಂಟೆಗೆ 60 ಕಿಲೋಮೀಟರ್ ದಾಟಬೇಡಿ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ, ಮೇಲಿನ ಗೇರಿನಲ್ಲಿ ಚಡಾವು ಎಳೆಯಿಸುವುದೂ ಬೇಡ. ಬದಿಯಡ್ಕದಿಂದ ಪೆರ್ಲದ ಕಡೆಗಿನ ಏರಿನಲ್ಲಿ ನಾನು ಆಗ ಒಂದು ಗೇರ್ ಮೊದಲೇ ಇಳಿಸುತ್ತಿದ್ದೆ. 500ಕ್ಕೆ ಆಯಿಲೂ ಫಿಲ್ಟರೂ ಬದಲಿಸಿ, ಎಂಜಿನ್ ತಣಿದಿರುವಾಗ ಹೆಡ್ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಿ, ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) ಸರಿಪಡಿಸಿ.

ಆಮೇಲೆ ಗ್ಲೋವ್ ಬಾಕ್ಸಿನಲ್ಲಿ ಒಂದು ಪುಸ್ತಕ ಇಡಿ. ತಾರೀಕು, ಕಿಲೋಮೀಟರ್, ಬೋರ್ ಯಾವ ಅಳತೆ, ಕ್ರ್ಯಾಂಕ್ ಯಾವ ಅಳತೆ, ಹೆಡ್‌ನಿಂದ ಎಷ್ಟು ತೆಗೆದರು, ಯಾರ ಬಳಿ ಮಾಡಿಸಿದ್ದು, ಎಲ್ಲವನ್ನೂ ಬರೆದಿಡಿ. ಅಪ್ಪ ಬರೆದಿಟ್ಟಿರಲಿಲ್ಲ; 020 ಎಂಬ ಅಂಕೆ ಮಸಿಯ ಅಡಿಯಿಂದ ಎದ್ದು ಬರುವವರೆಗೆ ನಮಗೆ ಗೊತ್ತಿರಲಿಲ್ಲ. ನಮ್ಮ ಪುಸ್ತಕದ ಮೊದಲ ಸಾಲಿನಲ್ಲಿ ಆ ಅಂಕೆಯನ್ನೂ ಬರೆದಿದ್ದೇನೆ, ಅದರ ಕೆಳಗೆ: "ಬೋರ್ 040. ಮುಂದಿನ ಸಲ ಸ್ಲೀವ್ ಹಾಕಿಸುವುದು."